ಹಳೆ ಅಲಗಿಗೆ ಹೊಸ ಹಿಡಿ ಹಾಕಿಸುವವರು ಅಂಟು ಹಾಕುವ ಮೊದಲು ಒಳಗೆ ನೋಡಿ

ಚಾಕು, ಮಚ್ಚು, ಕುಡುಗೋಲು ಯಾವುದೇ ಇರಲಿ, ಹಳೆ ಅಲಗಿಗೆ ಹೊಸ ಮರದ ಹಿಡಿ ಹಾಕಿಸೋಣ ಅಂತ ಇರುವವರು ಇದನ್ನು ಓದಿ ಆಮೇಲೆ ಹೋಗಿ. ಮೇಲಿನ ಪಾಲಿಶ್ ನೋಡಿ ದುಡ್ಡು ಕೊಡಬೇಡಿ. ಅಲಗು ಹಿಡಿಯೊಳಗೆ ಎಷ್ಟು ದೂರ ಹೋಗಿದೆ, ಯಾವುದರ ಬಲದ ಮೇಲೆ ನಿಂತಿದೆ ಅನ್ನುವುದನ್ನು ಅಂಟು ಹಾಕಿ ಮುಚ್ಚುವ ಮೊದಲೇ ಕಣ್ಣಾರೆ ನೋಡಿ. ನೋಡಲು ಬಿಡದೆ ಮಾಡಿಕೊಟ್ಟ ಒಂದು ಹಿಡಿಯಿಂದ ನನ್ನ ಅತ್ತಿಗೆಯ ಕೈಬೆರಳುಗಳು ಹೋಗುವುದರಲ್ಲಿದ್ದವು.

ನಮ್ಮದು ಗುಬ್ಬಿ ತಾಲ್ಲೂಕು. ಚೇಳೂರಿನ ಸುತ್ತಮುತ್ತ ಹಲಸಿಗೆ ಹೆಸರು. ಕೆಂಪು ತೊಳೆಯ ಸಿದ್ದು ಹಲಸು ಈ ಭಾಗದ್ದೇ. ಹಣ್ಣಿನ ಕಾಲ ಬಂತೆಂದರೆ ಮನೆಮನೆಯಲ್ಲೂ ಹಲಸು ಕೊಯ್ಯುವ ಕೆಲಸ. ಅದಕ್ಕೆ ಅಂತಲೇ ಒಂದು ದೊಡ್ಡ ಚಾಕು ಇರುತ್ತದೆ. ನಮ್ಮ ಮನೆಯದು ತಾತನ ಕಾಲದ್ದು. ಲಾರಿಯ ಕಮಾನು ಪಟ್ಟಿಯನ್ನು ಕುಲುಮೆಯಲ್ಲಿ ಬಡಿದು ಮಾಡಿಸಿದ್ದು. ಬೆನ್ನು ದಪ್ಪ, ಬಾಯಿ (ಕೊಯ್ಯುವ ಅಂಚು) ತೆಳು. ಬೆನ್ನಿನ ಬುಡದಲ್ಲಿ ಅದನ್ನು ಮಾಡಿದ ಆಚಾರ್ರು ಹೊಡೆದ ಮೂರು ಚುಕ್ಕೆ ಗುರುತಿತ್ತು. ಹಳೆ ಹಿಡಿಗೆ ಹುಳ ಬಿದ್ದು ಪುಡಿಯಾಗಿತ್ತು, ಅಷ್ಟೇ. ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಹೋಗುವ ಭಾಗ, ಐದು ಇಂಚಿಗೂ ಜಾಸ್ತಿ ಇತ್ತು. ಅದು ಹಿಡಿಯ ಹಿಂಭಾಗದಿಂದ ಹೊರಬಂದು ತುದಿಯಲ್ಲಿ ಮಡಚಿಕೊಂಡಿತ್ತು.

ತುಮಕೂರಿನಲ್ಲಿ ಒಬ್ಬರು ಬೇಕಾದ ಮರದಲ್ಲಿ, ಬೇಕಾದ ಆಕಾರದಲ್ಲಿ ಹಿಡಿ ಮಾಡಿಕೊಡುತ್ತಾರೆ ಅಂತ ಫೋಟೊಗಳಿಂದ ಗೊತ್ತಾಯಿತು. ಹೆಸರು ಬರೆಯುವುದಿಲ್ಲ. ಬೀಟೆ ಮರ, ಮೂರು ಹಿತ್ತಾಳೆ ರಿವಿಟ್, ಪಾಲಿಶ್ ಎಲ್ಲ ಸೇರಿ 2,400 ರೂಪಾಯಿ ಅಂದರು. ಕೂರಿಸುವಾಗ ನಾನೂ ಬಂದು ನೋಡುತ್ತೇನೆ ಎಂದೆ. "ಒಳಗೆ ಮೆಷಿನ್ ಓಡ್ತಿರುತ್ತೆ ಸಾರ್, ಯಾರನ್ನೂ ಬಿಡಲ್ಲ. ರೆಡಿ ಆದ್ಮೇಲೆ ಫೋನ್ ಮಾಡ್ತೀವಿ" ಅಂದರು. ಬಿಲ್ ಕೇಳಿದ್ದಕ್ಕೆ ಇಂಥ ಸಣ್ಣ ಕೆಲಸಕ್ಕೆಲ್ಲ ಬಿಲ್ ಹಾಕುವುದಿಲ್ಲ ಅನ್ನುವ ಉತ್ತರ ಬಂತು.

ಕೈಗೆ ಬಂದಾಗ ಹಿಡಿ ನೋಡಲು ಚೆನ್ನಾಗಿಯೇ ಇತ್ತು. ಕಪ್ಪು ಕೆಂಪು ಬಣ್ಣ, ಎರಡೂ ಕಡೆ ಮಿಂಚುವ ಮೂರು ಮೂರು ಹಿತ್ತಾಳೆ ಬೊಟ್ಟು. ಆದರೆ ಹೇಳದೆ ಕೇಳದೆ ಅಲಗನ್ನೂ ಗ್ರೈಂಡಿಂಗ್ ಮಾಡಿ ಬೆಳ್ಳಗೆ ತಿಕ್ಕಿದ್ದರು. ಆಚಾರ್ರ ಮೂರು ಚುಕ್ಕೆ ಅಳಿಸಿ ಹೋಗಿತ್ತು. ತಾತನ ಕೈ ಆಡಿದ ವಸ್ತು ಅದು. ನನಗೆ ತುಂಬಾ ಸಂಕಟವಾಯಿತು. ಅಲಗು ಹಿಡಿಗೆ ಸೇರುವ ಕುತ್ತಿಗೆಯ ಹತ್ತಿರ ನೀಲಿ ಬಣ್ಣದ ಒಂದು ಕಲೆಯೂ ಇತ್ತು. "ಅದು ಸ್ಟೀಲಿನ ಸಹಜ ಬಣ್ಣ" ಅಂದರು.

ಅದು ಸಹಜ ಬಣ್ಣ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಿಡಿ ಹಾಳಾದರೆ ಇನ್ನೊಂದು ಹಾಕಬಹುದು, ಅಲಗಿನ ಹದ, ಅಂದರೆ ಕಾಯಿಸಿ ಅದ್ದಿ ಕೊಟ್ಟ ಗಡಸು, ಹೋದರೆ ಮತ್ತೆ ಕುಲುಮೆಗೇ ಹೋಗಬೇಕು. ಬೆಳ್ಳಗೆ ತಿಕ್ಕಿದ ಉಕ್ಕು ಕಾಯುತ್ತಾ ಹೋದಂತೆ ಮೊದಲು ತಿಳಿ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಬಣ್ಣ ಬರುತ್ತದೆ. ನೀಲಿ ಬಂತೆಂದರೆ ಆ ಜಾಗ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂತ ಲೆಕ್ಕ. ಅಷ್ಟು ಕಾದರೆ ಆಚಾರ್ರು ಕೊಟ್ಟ ಗಡಸು ಇಳಿದು ಬಾಯಿ ಮೆತ್ತಗಾಗುತ್ತದೆ. ಮೋಟರ್ ಕಲ್ಲಿಗೆ ಒತ್ತಿ ಹಿಡಿದರೆ ತೆಳು ಬಾಯಿ ಇಷ್ಟು ಕಾಯಲು ಕೆಲವೇ ಸೆಕೆಂಡು ಸಾಕು. ಕೆಲಸ ಗೊತ್ತಿರುವವರು ಪಕ್ಕದಲ್ಲೇ ನೀರಿನ ಡಬ್ಬ ಇಟ್ಟುಕೊಂಡು, ಬೆರಳಿಗೆ ಬಿಸಿ ತಟ್ಟಿದ ಕೂಡಲೇ ಅದ್ದುತ್ತಾರೆ. ಇನ್ನೊಂದು ಮಾತು. ನೀಲಿಯ ಮೇಲೆ ಪಾಲಿಶ್ ಹೊಡೆದರೆ ಬಣ್ಣ ಮಾತ್ರ ಹೋಗುತ್ತದೆ, ಮೆತ್ತಗಾದ ಉಕ್ಕು ಮೆತ್ತಗೇ ಉಳಿಯುತ್ತದೆ. ತುದಿಯೊಂದು ಬಿಟ್ಟು ನಮ್ಮ ಚಾಕುವಿನ ಬಾಯಿಯುದ್ದಕ್ಕೂ ಆಗಿದ್ದು ಅದೇ. ಎಷ್ಟು ಮಸೆದರೂ ಒಂದೆರಡು ತೆಂಗಿನ ಗರಿ ಸೀಳುವಷ್ಟರಲ್ಲಿ ಮೊಂಡಾಗುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಹಿಡಿಯ ಬಾಯಲ್ಲಿ ಸಂದು ಬಿಟ್ಟಿತು. ಅಲಗು ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತಿತ್ತು. ತಕ್ಷಣ ವಾಪಸ್ ಕೊಂಡುಹೋಗಿ ಬಿಚ್ಚಿ ಸರಿಮಾಡಿ ಎಂದೆ. ಅವರು ಬಿಚ್ಚಲಿಲ್ಲ. ಮರದ ಹೊಟ್ಟನ್ನು ಸಂದಿಗೆ ತುರುಕಿ, ಮೇಲೆ ತಕ್ಷಣ ಒಣಗುವ ಗಮ್ ಸುರಿದು, ಉಜ್ಜಿ, ಬಣ್ಣ ಬಳಿದು ಕೊಟ್ಟರು. "ಇನ್ನು ಹತ್ತು ವರ್ಷ ಏನೂ ಆಗಲ್ಲ ಸಾರ್, ಧೈರ್ಯವಾಗಿ ಬಳಸಿ" ಅನ್ನುವ ಭರವಸೆ ಬೇರೆ.

ಹಲಸು ಕೊಯ್ದು ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಚಾಕು ನೇರ ಇಳಿಸಿದರೆ ಕೆಲಸ ಮುಗಿಯುವುದಿಲ್ಲ. ಒಳಗೆ ಹಾಕಿ ತಿರುಚಿ ಹೋಳು ಬಿಡಿಸಬೇಕು. ಮೇಣ ಅಂಟದಿರಲಿ ಅಂತ ಕೈಗೂ ಚಾಕುವಿಗೂ ಎಣ್ಣೆ ಸವರಿರುತ್ತೇವೆ. ಅತ್ತಿಗೆ ಹಾಗೆ ತಿರುಚುವಾಗ ಹಿಡಿ ತಿರುಗಿತು, ಅಲಗು ತಿರುಗಲಿಲ್ಲ. ಗಮ್ ಕಡಿದ ಸದ್ದು ನನಗೂ ಕೇಳಿಸಿತು. ಹಿಡಿ ಕಳಚಿ ಎಣ್ಣೆ ಕೈ ಮುಂದೆ ಜಾರಿ ನಾಲ್ಕೂ ಬೆರಳು ಬಾಯಿಯ ಮೇಲೆ ಬಿದ್ದವು. ಬಾಯಿ ಮೊಂಡಾಗಿದ್ದರೂ ಮಾಂಸಕ್ಕೆ ಅಷ್ಟೇ ಸಾಕಾಯಿತು. ಬಟ್ಟೆ ಒತ್ತಿ ಹಿಡಿದು, ಕೈ ಮೇಲೆತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹೊಲಿಗೆ ಹಾಕುವ ಮೊದಲು ಒಂದೊಂದೇ ಬೆರಳನ್ನು ಗೆಣ್ಣು ಗೆಣ್ಣಾಗಿ ಮಡಚಿಸಿ ನೋಡಿದರು. ತುದಿ ಮರಗಟ್ಟಿದೆಯಾ ಅಂತ ಕೇಳಿದರು. ಬೆರಳು ಮಡಚುವ ನಾರು ಕಡಿದಿದ್ದರೆ ಬೇರೆಯೇ ಆಪರೇಶನ್ ಬೇಕಾಗುತ್ತಿತ್ತಂತೆ. ನಮ್ಮ ಪುಣ್ಯ, ಕಡಿದಿರಲಿಲ್ಲ. ಯಾರಿಗೇ ಆಗಲಿ, ಚಾಕು ತಾಗಿ ಬೆರಳು ಮಡಚಲು ಬರದಿದ್ದರೆ ಬರೀ ಹೊಲಿಗೆ ಹಾಕಿಸಿಕೊಂಡು ಮನೆಗೆ ಬರಬೇಡಿ. ಆ ಮಾತನ್ನು ಡಾಕ್ಟರಿಗೆ ನೀವೇ ಎತ್ತಿ ಹೇಳಿ.

ಆಮೇಲೆ ಆ ಚಾಕುವನ್ನು ನಮ್ಮ ಕಡೆಯ ಒಬ್ಬ ವಯಸ್ಸಾದ ಆಚಾರ್ರ ಹತ್ತಿರ ತೆಗೆದುಕೊಂಡು ಹೋದೆ. ಕುಲುಮೆಯ ಮುಂದೆ ಕೂತು ಅವರು ಅಲಗನ್ನೂ ಹಿಡಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. "ಬಾಲ ಎಲ್ಲಪ್ಪಾ?" ಅಂದರು.

ಬಾಲ ಇರಲೇ ಇಲ್ಲ. ಐದು ಇಂಚಿನಲ್ಲಿ ಒಂದು ಇಂಚಿನಷ್ಟು ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ ಎಸೆದಿದ್ದರು. ಹಿಡಿಯನ್ನು ಸೀಳಿದಾಗ ಒಳಗೆ ಡ್ರಿಲ್ಲಿನಲ್ಲಿ ಕೊರೆದ ಒಂದು ಗುಂಡು ತೂತು, ಅದರ ತುಂಬಾ ಗಮ್ ಮತ್ತು ಹೊಟ್ಟು. ಚಪ್ಪಟೆ ಬಾಲ, ಗುಂಡು ತೂತು, ನಡುವಿನ ಖಾಲಿ ಜಾಗಕ್ಕೆ ಹೊಟ್ಟು. ತಿರುಚಿದರೆ ತಡೆಯಲು ಅಲ್ಲಿ ಏನೂ ಇಲ್ಲ. ಉದ್ದದ ಬಾಲಕ್ಕೆ ಸರಿಯಾಗಿ ಮರದಲ್ಲಿ ಚಪ್ಪಟೆ ಕುಳಿ ತೋಡುವುದು ಹೊತ್ತು ಹಿಡಿಯುವ ಕೆಲಸ. ತೂತು ಕೊರೆಯಲು ಒಂದು ನಿಮಿಷ ಸಾಕು. ಅಷ್ಟು ಹೊತ್ತು ಉಳಿಸಲು ಹೋಗಿ ಅಲಗನ್ನೇ ಕತ್ತರಿಸಿದ್ದಾರೆ.

ಆಮೇಲೆ ಆಚಾರ್ರು ಇಕ್ಕಳದಲ್ಲಿ ಹಿತ್ತಾಳೆ ಬೊಟ್ಟೊಂದನ್ನು ಹಿಡಿದು ಎಳೆದರು. ಸಲೀಸಾಗಿ ಬಂತು. ಕಾಲು ಇಂಚೂ ಇರಲಿಲ್ಲ. ಆರಕ್ಕೆ ಆರೂ ಹಾಗೇ. ಈ ಕಡೆಯಿಂದ ಆ ಕಡೆಗೆ ದಾಟುವ ರಿವಿಟ್ ಒಂದೂ ಇರಲಿಲ್ಲ. ಎರಡೂ ಬದಿಗೆ ತುಂಡು ಅಂಟಿಸಿ ರಿವಿಟ್ಟಿನಂತೆ ಕಾಣಿಸಿದ್ದರು. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಸಿಟ್ಟು ಬರಿಸುವುದು ಇದು. ಬಾಲ ಗಿಡ್ಡ ಮಾಡಿದ್ದನ್ನು ಸೋಮಾರಿತನ ಅನ್ನಬಹುದೇನೋ. ಕೂತು, ಉಜ್ಜಿ, ಆರು ಸುಳ್ಳು ಬೊಟ್ಟು ಹೊಂದಿಸಿದ್ದನ್ನು ಏನನ್ನಬೇಕು? ಅದನ್ನು ನಂಬಿ ಜನ ಕೈಯಲ್ಲಿ ಹಿಡಿಯುತ್ತಾರೆ.

ಮರವೂ ಬೀಟೆ ಆಗಿರಲಿಲ್ಲ. ಸೀಳಿದ ಕಡೆ ಒಳಗೆಲ್ಲ ತಿಳಿ ಬಣ್ಣ. ಕಪ್ಪು ಕೆಂಪು ಬರೀ ಮೇಲ್ಪದರ, ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಗೆ ಬಂತು. ಆಚಾರ್ರು ನೋಡಿ ಸಿಲ್ವರ್ ಓಕ್, ಅದೂ ಹಸಿ ಇರುವಾಗಲೇ ಕೊಯ್ದದ್ದು ಅಂದರು. ನಿಜವಾದ ಬೀಟೆಯ ತಿರುಳಿಗೆ ಒಳಗೂ ಅದೇ ಗಾಢ ಬಣ್ಣ ಇರುತ್ತದೆ, ಕೈಗೆ ತೂಕ ಗೊತ್ತಾಗುತ್ತದೆ. ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಪರ್ಮಿಟ್ ಬೇಕು. 2017ರಿಂದ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲೂ ಇವೆ. ಹೀಗಿರುವಾಗ ಯಾರಾದರೂ ಬೀಟೆ ಅಂದರೆ ಎಲ್ಲಿಂದ ಬಂತು ಅಂತ ಕೇಳುವುದು ನಮ್ಮ ಹಕ್ಕು. ಹಾಗೆ ನೋಡಿದರೆ ಹಿಡಿಗೆ ಬೀಟೆಯೇ ಬೇಕು ಅಂತಲೂ ಇಲ್ಲ. ನಮ್ಮ ಹೊಲದ ಬದುವಿನ ಕರಿಜಾಲಿ ಗಾಡಿಗೂ ನೇಗಿಲಿಗೂ ಆಗಿಬಂದ ಮರ. ಹುಣಸೆಯ ತಿರುಳೂ ಗಟ್ಟಿ. ತುಮಕೂರು ಸೀಮೆಯಲ್ಲಿ ಹುಣಸೆಗೆ ಬರವೇ?

ಯಾವ ಮರವೇ ಆಗಲಿ, ಒಣಗಿರಬೇಕು. ಹಸಿ ಮರ ಒಣಗುತ್ತಾ ಅಡ್ಡಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರಾ ಕಮ್ಮಿ. ಕಬ್ಬಿಣ ಕುಗ್ಗುವುದಿಲ್ಲ. ಹಾಗಾಗಿ ಒಂದೋ ಮರ ಸೀಳುತ್ತದೆ, ಇಲ್ಲವೋ ಅಂಟು ಬಿಡುತ್ತದೆ. ನೆರಳಿನಲ್ಲಿ ಗಾಳಿಗೆ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನುವುದು ಹಳೆ ಲೆಕ್ಕ. ಒಣಗಿದೆಯಾ ಅಂತ ತಿಳಿಯಲು ಅಂಗಡಿಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಹಿಡಿಗೆ ಬಳಸಬಹುದು.

ಅಂಟಿನ ಬಗ್ಗೆಯೂ ಕೇಳಿ. ಎರಡು ಟ್ಯೂಬ್ ಕಲಸಿ ಹಾಕುವ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಿಡಿಗೆ ಸರಿ. ಅದನ್ನು ಹಾಕುವ ಮೊದಲು ಬಾಲವನ್ನು ಉಪ್ಪು ಕಾಗದದಲ್ಲಿ ಉಜ್ಜಿ ಒರಟು ಮಾಡಿ, ಎಣ್ಣೆ ಜಿಡ್ಡು ಹೋಗುವಂತೆ ಒರೆಸಬೇಕು. ತಕ್ಷಣ ಹಿಡಿಯುವ ಗಮ್ ಗಟ್ಟಿಯಾದ ಮೇಲೆ ಪೆಡಸು, ಪೆಟ್ಟು ಬಿದ್ದರೆ ಬಿರಿಯುತ್ತದೆ. ಯಾವ ಅಂಟಾದರೂ ರಿವಿಟ್ಟಿನ ಬದಲಿ ಅಲ್ಲ, ಅದರ ಜೊತೆಗೆ ಇರುವಂಥದ್ದು.

ಆಚಾರ್ರು ಅಲಗಿನ ಬುಡವನ್ನೇ ಕಾಯಿಸಿ ಬಡಿದು ಹೊಸ ಬಾಲ ಎಳೆದರು. ಬೇರೆ ದಾರಿ ಇರಲಿಲ್ಲ. ಹಾಗಾಗಿ ತಾತನ ಚಾಕು ಈಗ ಮೊದಲಿಗಿಂತ ಗಿಡ್ಡ. ಬಾಯಿಯ ಮೇಲೆ ಅರ (ಕಬ್ಬಿಣ ಉಜ್ಜುವ ಫೈಲು) ಆಡಿಸಿ ತೋರಿಸಿದರು. ಹದ ಹೋದ ಕಡೆ ಅರ ಕಚ್ಚಿ ಪುಡಿ ಉದುರಿಸುತ್ತಿತ್ತು. ಹದ ಉಳಿದಿದ್ದ ತುದಿಯಲ್ಲಿ ಸುಮ್ನೆ ಜಾರುತ್ತಿತ್ತು. ಮತ್ತೆ ಕಾಯಿಸಿ, ಅದ್ದಿ, ಹದ ಕೊಟ್ಟರು. ಒಣಗಿದ ಜಾಲಿಯ ಹಿಡಿ ಹಾಕಿ, ಕುತ್ತಿಗೆಗೆ ಕಬ್ಬಿಣದ ಬಳೆ ಬಡಿದು, ಬಾಲದ ತುದಿಯನ್ನು ಹಿಂದೆ ಹೊರಗೆ ತೆಗೆದು ಮಡಚಿದರು. ಬಾಲ ಕಾಯಿಸಿ ಕೂರಿಸುವಾಗ ಬಾಯಿಗೆ ಬಿಸಿ ಏರದಂತೆ ಅಲಗಿಗೆ ಒದ್ದೆ ಬಟ್ಟೆ ಸುತ್ತಿದ್ದರು. ಎಲ್ಲವನ್ನೂ ನನ್ನ ಎದುರಿಗೇ ಮಾಡಿದರು.

ತುಮಕೂರಿನ ಆ ಅಂಗಡಿಗೆ ಸೀಳಿದ ಹಿಡಿ, ಬೊಟ್ಟುಗಳು, ಆಸ್ಪತ್ರೆ ಚೀಟಿ ಎಲ್ಲ ಕೊಂಡುಹೋದೆ. "ಹಲಸು ಕೊಯ್ಯಕ್ಕೆ ಅಂತ ನೀವು ಹೇಳಿರಲಿಲ್ಲ" ಅಂದರು. ಹೇಳಿದ್ದೆ, ಆ ಮಾತು ಮೆಸೇಜಿನಲ್ಲೇ ಇದೆ. ದುಡ್ಡು ವಾಪಸ್ ಬಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು. ನಾನು ದೂರು ಬರೆಯುತ್ತಿದ್ದೇನೆ. ಬಿಲ್ ಇಲ್ಲದ ಕಡೆ ದುಡ್ಡು ಕಳಿಸಿದ ದಾಖಲೆ, ಮೆಸೇಜು, ಕೊಡುವ ಮೊದಲು ತೆಗೆದ ಅಲಗಿನ ಫೋಟೊ ಇವೇ ಆಧಾರ. ಬಾಲದ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೆದಿಡಿ.

ಈಗಾಗಲೇ ಇಂಥ ಚಾಕು ತಂದಿಟ್ಟುಕೊಂಡಿದ್ದೀರಾ? ಹಾಗಾದರೆ ಹಳೆ ಸ್ಪೀಕರಿನ ಅಯಸ್ಕಾಂತವನ್ನು ಹಿಡಿಯ ಮೇಲೆ ಕುತ್ತಿಗೆಯಿಂದ ಹಿಂದಕ್ಕೆ ಆಡಿಸಿ. ಒಳಗೆ ಉಕ್ಕು ಇರುವ ತನಕ ಎಳೆತ ತಿಳಿಯುತ್ತದೆ. ಕುತ್ತಿಗೆಯ ಹತ್ತಿರ ಎಳೆದು ಒಂದೆರಡು ಇಂಚಿಗೇ ಎಳೆತ ನಿಂತರೆ ಬಾಲ ಅಲ್ಲಿಗೇ ಮುಗಿದಿದೆ ಅಂತ ಅನುಮಾನ ಪಡಿ. ಆಮೇಲೆ ಅಲಗಿಗೆ ದಪ್ಪ ಗೋಣಿ ಸುತ್ತಿ, ಗಟ್ಟಿಯಾಗಿ ಬೆಂಚ್ ವೈಸಿಗೆ (ಮೇಜಿಗೆ ಕೂರಿಸಿದ ತಿರುಪಿನ ಇಕ್ಕಳ) ಸಿಕ್ಕಿಸಿ, ಹಿಡಿಯನ್ನು ಎರಡೂ ಕಡೆಗೆ ತಿರುಚಿ ನೋಡಿ. ಸದ್ದು ಬಂದರೆ, ಎಳೆಯಷ್ಟು ಸಂದು ಕಂಡರೆ ಅದನ್ನು ಅವತ್ತೇ ಅಡುಗೆಮನೆಯಿಂದ ತೆಗೆದಿಡಿ. ಮನೆಯಲ್ಲಿ ಎಲ್ಲರಿಗೂ ಹೇಳಿ. ಸಂದಿಗೆ ಗಮ್ ತುಂಬಿಸಿಕೊಂಡು ಬರಬೇಡಿ, ಹಿಡಿ ಬಿಚ್ಚಿಸಿ.