ಮುಂದಿನ ಮೇಜಿಗೆ ಹನ್ನೊಂದು, ಹಿಂದಿನ ಮೇಜಿಗೆ ಹತ್ತು

"ಹನ್ನೊಂದು ಹಾಕ್ಸಬೇಕಾ, ಹತ್ತೇ ಸಾಕಾ?" ಅಂಗಡಿಗೆ ಬರುವವರಲ್ಲಿ ವಾರಕ್ಕೆ ನಾಲ್ಕು ಜನವಾದರೂ ಇದನ್ನು ಕೇಳುತ್ತಾರೆ. ಅವರು ಕೇಳುವುದು ಕಂಪ್ಯೂಟರಿನ ವಿಂಡೋಸ್ 11, ವಿಂಡೋಸ್ 10ರ ಬಗ್ಗೆ. ಎರಡೂ ನನ್ನ ಅಂಗಡಿಯಲ್ಲೇ ಎದುರುಬದುರು ಕೂತಿವೆ. ಹಾಗಾಗಿ ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ಹಾಸನದ ಸಂತೆಪೇಟೆ ಕಡೆ ನನ್ನದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಶ್ರದ್ಧಾಂಜಲಿ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ಜೊತೆಗೆ ಆಲೂರು, ಅರಕಲಗೂಡು ಕಡೆಯಿಂದ ಬರುವ ರೈತರಿಗೆ ಪಹಣಿ ಪ್ರಿಂಟು, ಅರ್ಜಿ ತುಂಬಿಕೊಡುವುದು. ಮುಂದಿನ ಮೇಜಿನಲ್ಲಿರುವುದು 2019ರಲ್ಲಿ ಜೋಡಿಸಿದ ಎಂಟನೇ ಜನರೇಷನ್ ಐ5 ಪ್ರೊಸೆಸರಿನ ಕಂಪ್ಯೂಟರು, ಇದರಲ್ಲಿ ನಾನು ಕೂರುತ್ತೇನೆ. ಹಿಂದಿನದು 2014ರ ನಾಲ್ಕನೇ ಜನರೇಷನ್ ಐ3. ವಿಂಡೋಸ್ 7 ಇದ್ದದ್ದು ಪುಕ್ಕಟೆಯಾಗಿ ಹತ್ತಕ್ಕೆ ಏರಿತ್ತು. ಅಲ್ಲಿ ಕೂರುವವರು ನಮ್ಮ ಅತ್ತಿಗೆ.

ಮುಂದಿನದಕ್ಕೆ ಹನ್ನೊಂದು ಹಾಕಿದ್ದು 2024ರ ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಲಗ್ನಪತ್ರಿಕೆ ಇಲ್ಲ, ಎರಡು ದಿನ ಯಂತ್ರ ಮಲಗಿದರೂ ನಷ್ಟವಿಲ್ಲ. ಡಿಟಿಪಿ ಮಾಡುವವರಿಗೆ ನನ್ನ ಮೊದಲ ಮಾತೇ ಇದು: ಮಾಘ, ವೈಶಾಖದಲ್ಲಿ ಇಂಥ ಸಾಹಸಕ್ಕೆ ಕೈ ಹಾಕಬೇಡಿ.

ಮೊದಲು ಯಂತ್ರದ ಅರ್ಹತೆ ನೋಡುವ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಓಡಿಸಿ ನೋಡಿದೆ. ಈ ಯಂತ್ರ ಹನ್ನೊಂದಕ್ಕೆ ಅರ್ಹವಲ್ಲ, ಟಿಪಿಎಂ 2.0 ಅನ್ನುವ ಭದ್ರತೆಯ ಭಾಗ ಇಲ್ಲ ಎಂದಿತು. ನೋಡಲು ಬಂದ ಸರ್ವಿಸ್‌ನವರೊಬ್ಬರು ಮದರ್‌ಬೋರ್ಡೇ ಬದಲಾಯಿಸಬೇಕು ಅಂತ ಚೀಟಿ ಬರೆದುಕೊಟ್ಟರು. ಆ ಚೀಟಿ ಇನ್ನೂ ಡ್ರಾಯರಿನಲ್ಲಿದೆ, ನಗಬೇಕು ಅನ್ನಿಸಿದಾಗ ತೆಗೆದು ನೋಡುತ್ತೇನೆ. ಟಿಪಿಎಂ ಇಲ್ಲದೆ ಇರಲಿಲ್ಲ, ಮಲಗಿತ್ತು ಅಷ್ಟೆ. ಇಂಟೆಲ್ ಯಂತ್ರಗಳಲ್ಲಿ, ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ ಅದು 'ಪಿಟಿಟಿ' ಅನ್ನುವ ಹೆಸರಿನಲ್ಲಿ ಇರುತ್ತದೆ. ಅದನ್ನು ಆನ್ ಮಾಡಿ, ಯಂತ್ರ ಏಳುವ ಬಗೆಯನ್ನು (ಬೂಟ್) ಹಳೆಯ ಲೆಗಸಿಯಿಂದ ಹೊಸ ಯುಇಎಫ್‌ಐಗೆ ತಿರುಗಿಸಿದೆ, ಮುಗಿಯಿತು. ಡಿಸ್ಕ್ ಹೇಗೂ ಹಳೆಯ ಎಂಬಿಆರ್ ಬಗೆಯದು, ಹೊಸ ಬಗೆಯ ಬೂಟ್‌ನಲ್ಲಿ ವಿಂಡೋಸ್ ಅದರಿಂದ ಏಳುವುದಿಲ್ಲ. ಎಲ್ಲ ಕಡತ ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಹೊಸ ಎಸ್‌ಎಸ್‌ಡಿ ಹಾಕಿ, ಶುರುವಿನಿಂದಲೇ ಇನ್‌ಸ್ಟಾಲ್ ಮಾಡಿದೆ. ಲೈಸೆನ್ಸಿಗೆ ಒಂದು ಪೈಸೆ ಖರ್ಚಾಗಲಿಲ್ಲ, ಹತ್ತರ ಅಸಲಿ ಲೈಸೆನ್ಸ್ ಇದ್ದವರಿಗೆ ಹನ್ನೊಂದು ಉಚಿತ.

ಮಾರನೆಯ ಬೆಳಿಗ್ಗೆ ನಿಜವಾದ ಪರೀಕ್ಷೆ. ಪೇಜ್‌ಮೇಕರ್ 7 ಹಾಕಿದೆ, ಪುಟ ವಿನ್ಯಾಸದ ಹಳೆಯ ತಂತ್ರಾಂಶ. ಸುಮ್ಮನೆ ಕ್ಲಿಕ್ಕಿಸಿದರೆ ತಕರಾರು, ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ತೆರೆಯಿತು. ಕನ್ನಡ ಬರೆಯುವ ತಂತ್ರಾಂಶ ನುಡಿ ಹಾಕಿದೆ, ಕನ್ನಡಕ್ಕೆ ತಿರುಗಿಸಲು ಸ್ಕ್ರಾಲ್ ಲಾಕ್ ಒತ್ತಿದೆ, 'ಶ್ರೀ' ಅಂತ ಬಡಿದೆ. ಪರದೆಯ ಮೇಲೆ ಬಂದದ್ದು ಒಂದು ಅರ್ಧಾಕ್ಷರ, ಪಕ್ಕದಲ್ಲೊಂದು ಅನಾಥ ಒತ್ತು. ಇನ್ನೊಮ್ಮೆ ಬಡಿದೆ, ಅದೇ ಚೂರುಪಾರು. ಎದುರಿಗೆ ಕೂತಿದ್ದ ಗಿರಾಕಿ ಮಗಳ ನಾಮಕರಣದ ಕಾರ್ಡಿಗೆ ಬಂದವರು, "ಸಾರ್, ಇದು ತೆಲುಗಾ?" ಅಂದರು.

ಅರ್ಧ ದಿನ ಹನ್ನೊಂದನ್ನು ಬೈದೆ. ಸಂಜೆ ಹೊತ್ತಿಗೆ ನೋಟ್‌ಪ್ಯಾಡಿನಲ್ಲಿ ಬಡಿದು ನೋಡಿದರೆ ನುಡಿ ಚೆನ್ನಾಗಿಯೇ ಮೂಡುತ್ತಿದೆ! ಆಗ ಹೊಳೆಯಿತು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ತಂತ್ರಾಂಶದ ಕೀಲಿಗಳನ್ನು ಮಾಮೂಲಾಗಿ ತೆರೆದ ತಂತ್ರಾಂಶ ಮುಟ್ಟದಂತೆ ವಿಂಡೋಸ್ ತಡೆಯುತ್ತದೆ. ಪೇಜ್‌ಮೇಕರ್ ಮೇಲಿನ ಮೆಟ್ಟಿಲಲ್ಲಿ, ನುಡಿ ಕೆಳಗಿನ ಮೆಟ್ಟಿಲಲ್ಲಿ. ನುಡಿಯ ಕೈಗೆ ಸಿಗದ ಇಂಗ್ಲಿಷ್ ಅಕ್ಷರಗಳು ನೇರವಾಗಿ ಹೋಗಿ ಕೂರುತ್ತಿದ್ದವು. ನುಡಿಯ ಹಳೆಯ ಫಾಂಟುಗಳಲ್ಲಿ ಆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿರುವುದು ಕನ್ನಡದ ತುಂಡುಗಳು. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ, ಶ್ರೀ ಶ್ರೀಯಾಗಿಯೇ ಬಂತು. ಈಗ ಎರಡರ ಶಾರ್ಟ್‌ಕಟ್‌ಗೂ ಆ ಗುರುತು ಹಾಕಿಟ್ಟಿದ್ದೇನೆ.

ಇದು ಹನ್ನೊಂದರ ತಪ್ಪಲ್ಲ, ಹತ್ತರಲ್ಲೂ ಇದೇ ಕಟ್ಟಳೆ. ಹಿಂದೆ ಯಾರೋ ಪುಣ್ಯಾತ್ಮರು, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವಾಗ ಅನುಮತಿ ಕೇಳುವ ಕಿಟಕಿಯನ್ನೇ ಪೂರ್ತಿ ನಿಲ್ಲಿಸಿಹೋಗಿದ್ದರು, ಹಾಗಾಗಿ ಎಲ್ಲ ತಂತ್ರಾಂಶವೂ ಒಂದೇ ಮೆಟ್ಟಿಲಲ್ಲಿ ಓಡುತ್ತಿತ್ತು, ನಾನು ಐದು ವರ್ಷ ಅದು ಗೊತ್ತಿಲ್ಲದೆ ಬಾಗಿಲು ತೆರೆದಿಟ್ಟು ಮಲಗಿದ್ದೆ. ಒಂದು ತೊಂದರೆ ಮಾತ್ರ ಉಳಿದಿದೆ: ಫೋಲ್ಡರಿನಿಂದ ಫೋಟೋ ಎಳೆದು ಪೇಜ್‌ಮೇಕರಿಗೆ ಹಾಕಲು ಆಗುವುದಿಲ್ಲ, ಪ್ಲೇಸ್ ಮೆನುವಿನಿಂದಲೇ ತರಬೇಕು. ಕೈಗೆ ರೂಢಿಯಾಗಿದೆ.

ಇನ್ನು ದಿನನಿತ್ಯದ ಬಳಕೆ. ನನಗೆ ಬೇಸರ ತರಿಸಿದ್ದು ಟಾಸ್ಕ್‌ಬಾರ್. ಎ4 ಪುಟ ಉದ್ದಕ್ಕೆ ಕಾಣಲಿ ಅಂತ ನಾನು ಅದನ್ನು ಎಡಗಡೆ ನಿಲ್ಲಿಸಿಕೊಂಡಿದ್ದೆ, ಹನ್ನೊಂದು ಹಾಕಿಕೊಂಡಾಗ ಅದನ್ನು ಕೆಳಗಿನಿಂದ ಕದಲಿಸಲು ದಾರಿಯೇ ಇರಲಿಲ್ಲ. ಬಲ ಕ್ಲಿಕ್ಕಿನ ಮೆನು ಅರ್ಧಂಬರ್ಧ. ಶಿಫ್ಟ್ ಹಿಡಿದು ಬಲ ಕ್ಲಿಕ್ ಮಾಡಿದರೆ ಹಳೆಯ ಮೆನು ಪೂರ್ತಿ ಸಿಗುತ್ತದೆ ಅನ್ನುವುದು ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಇಷ್ಟವಾದದ್ದು ಕಿಟಕಿ ಹೊಂದಿಸುವ ವ್ಯವಸ್ಥೆ. ವಿಂಡೋಸ್ ಕೀಲಿ ಜೊತೆ ಝಡ್ ಒತ್ತಿದರೆ ಪರದೆಯನ್ನು ಹೇಗೆ ಹಂಚಬೇಕು ಅಂತ ಚೌಕಗಳು ಬರುತ್ತವೆ. ಒಂದು ಕಡೆ ಗಿರಾಕಿ ವಾಟ್ಸ್ಆಪ್‌ನಲ್ಲಿ ಕಳಿಸಿದ ಮ್ಯಾಟರ್, ಇನ್ನೊಂದು ಕಡೆ ಪೇಜ್‌ಮೇಕರ್, ಮೂಲೆಯಲ್ಲಿ ಫೋಟೋ ಫೋಲ್ಡರ್. ದಿನಕ್ಕೆ ನಲವತ್ತು ಸಲ ಕಿಟಕಿ ಬದಲಿಸುವವನಿಗೆ ಇದೊಂದೇ ಸಾಕು. ಕನ್ನಡಕ್ಕೆ ಅಂತ ಹೊಸದೇನೂ ಸಿಗುವುದಿಲ್ಲ. ವಿಂಡೋಸ್‌ನದೇ ಕನ್ನಡ ಫೊನೆಟಿಕ್ ಕೀಲಿಮಣೆ 2019ರಲ್ಲೇ ಹತ್ತಕ್ಕೆ ಬಂದಿತ್ತು.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಹೋದ ಮಳೆಗಾಲ ಒಬ್ಬ ಇಂಜಿನಿಯರಿಂಗ್ ಹುಡುಗ ಓಡಿಬಂದ. "ಅಣ್ಣಾ, ರಿಪೇರಿ ಮಾಡ್ಸಿದ್ಮೇಲೆ ಇದೇನೋ ನಂಬರ್ ಕೇಳ್ತಿದೆ, ನಾಳೆ ಸೆಮಿನಾರ್ ಇದೆ." ನೀಲಿ ಪರದೆ, 48 ಅಂಕಿಯ ಕೀ ಕೊಡು ಅನ್ನುತ್ತಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದ ಇತ್ತೀಚಿನ ಯಂತ್ರಗಳಲ್ಲಿ ಡಿಸ್ಕ್ ಹೆಚ್ಚಾಗಿ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ, ಒಳಗಿನ ಬೋರ್ಡು ಬದಲಾದರೆ ಅನುಮಾನ ಪಟ್ಟು ಕೀ ಕೇಳುತ್ತದೆ. ಅವನ ಪುಣ್ಯ, ಖಾತೆಯ ಪಾಸ್‌ವರ್ಡ್ ನೆನಪಿತ್ತು. ಮೊಬೈಲಿನಲ್ಲಿ ಖಾತೆ ತೆರೆದು ನಾನು ಅಂಕಿ ಓದಿದೆ, ಅವನು ಒತ್ತಿದ. ಆ ಕೀಯನ್ನು ಮೊದಲೇ ಒಂದು ಕಾಗದಕ್ಕೆ ಪ್ರಿಂಟ್ ತೆಗೆದು ಪಹಣಿ, ಪತ್ರಗಳ ಜೊತೆ ಇಟ್ಟುಕೊಳ್ಳಿ.

ಈಗ ಹಿಂದಿನ ಮೇಜು. ವಿಂಡೋಸ್ 10ರ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ಕ್ಕೆ. ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳು ಅವು. ಊರ ತುಂಬ ಜನ, ಬ್ಯಾನರ್ ಕೆಲಸ, ಯಾರಿಗೆ ಬೇಕು ಅಪ್‌ಗ್ರೇಡು? ಅವತ್ತು ಯಂತ್ರವೇನೂ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ನಿಲ್ಲುವುದು ಭದ್ರತೆಯ ಅಪ್‌ಡೇಟು. ಅದನ್ನೂ ಒಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸಿಕೊಳ್ಳಬಹುದಿತ್ತು: 30 ಡಾಲರ್ ಕೊಟ್ಟು, ಇಲ್ಲವೇ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ ಕೊಟ್ಟು, ಅದೂ ಬೇಡವೆಂದರೆ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿ. ನಾನು ಮೂರನೆಯದನ್ನು ಆರಿಸಿದೆ, ದುಡ್ಡಿಲ್ಲದ್ದು.

ನಾಲ್ಕನೇ ಜನರೇಷನ್ನಿಗೆ ಹನ್ನೊಂದು ಅಧಿಕೃತವಾಗಿ ಇಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಆದರೆ ನನಗೆ ಅಡ್ಡಿಯಾಗಿದ್ದು ಪ್ರೊಸೆಸರ್ ಅಲ್ಲ, ಸ್ಕ್ಯಾನರ್. ಹಳೆಯ ಗ್ರೂಪ್ ಫೋಟೋ, ಮಾಸಿದ ಕ್ರಯಪತ್ರ, ತಾತನ ಶ್ರದ್ಧಾಂಜಲಿ ಕಾರ್ಡಿಗೆ ಸಿಕ್ಕ ಒಂದೇ ಒಂದು ಸ್ಟುಡಿಯೋ ಚಿತ್ರ, ಎಲ್ಲ ಅದರ ಗಾಜಿನ ಮೇಲೆಯೇ ಹಾದುಹೋಗಬೇಕು. ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇರುವುದು ಹಳೆಯ ಬಗೆಯ 32 ಬಿಟ್‌ಗೆ ಮಾತ್ರ. ಹಿಂದಿನ ಯಂತ್ರದ ವಿಂಡೋಸ್ 10 ಕೂಡ 32 ಬಿಟ್‌ನದೇ, ಅದಕ್ಕೇ ಜೋಡಿ ನಡೆಯುತ್ತಿದೆ. ಹನ್ನೊಂದು 64 ಬಿಟ್‌ನಲ್ಲಿ ಮಾತ್ರ ಬರುತ್ತದೆ. ಅಂದರೆ ಹನ್ನೊಂದು ಹಾಕಿದ ದಿನ ಸ್ಕ್ಯಾನರ್ ಗುಜರಿಗೆ. ಅದಕ್ಕೇ ಯಾರಾದರೂ ಕೇಳಿದರೆ ನಾನು ಮೊದಲು ಸಿಪಿಯು ಹಿಂದೆ ಬಗ್ಗಿ ನೋಡುತ್ತೇನೆ, ಯಾವ ಯಾವ ವೈರು ಚುಚ್ಚಿದೆ ಅಂತ. ಬರೀ ಕೀಬೋರ್ಡು, ಮೌಸು, ಈಚಿನ ಪ್ರಿಂಟರ್ ಇದ್ದು ಯಂತ್ರವೂ ಅರ್ಹವಾಗಿದ್ದರೆ ಹನ್ನೊಂದು ಹಾಕಿಸಿ ಅನ್ನುತ್ತೇನೆ, ತಡಮಾಡಬೇಡಿ ಅಂತಲೂ ಸೇರಿಸುತ್ತೇನೆ.

ಹೋದ ತಿಂಗಳು ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್ ಅನ್ನು ಪೆನ್ ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಹಿಂದಿನ ಯಂತ್ರ ಎಬ್ಬಿಸಿದೆ. ಸ್ಕ್ಯಾನರ್ ವೈರು ಚುಚ್ಚಿದೆ. ಡ್ರೈವರ್ ಕೇಳಲಿಲ್ಲ, ಸಿಡಿ ಕೇಳಲಿಲ್ಲ, ದೀಪ ಹತ್ತಿ ಗಾಜಿನ ಕೆಳಗೆ ಸರಸರ ಹರಿಯಿತು. ನುಡಿಯಲ್ಲಿ ಬಳಸುವ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸದ ಕೀಲಿಮಣೆಯೂ ಯೂನಿಕೋಡ್‌ನಲ್ಲಿ ಸಿಕ್ಕಿತು. ಅತ್ತಿಗೆಯನ್ನು ಕರೆದು ತೋರಿಸಿದೆ. ಅವರು ಒಂದು ನಿಮಿಷ ನೋಡಿ, ಕನ್ನಡಕ ಮೇಲಕ್ಕೆ ಸರಿಸಿ, "ನನ್ನ ಪೇಂಟ್ ಎಲ್ಲಪ್ಪಾ ಇದರಲ್ಲಿ?" ಅಂದರು. ಹನ್ನೆರಡು ವರ್ಷದಿಂದ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿರುವುದು ಅವರು ಪೇಂಟ್‌ನಲ್ಲೇ.

"ಬೇರೆ ಇದೆ ಅತ್ತಿಗೆ, ಕಲಿಸಿಕೊಡ್ತೀನಿ."

"ಆಷಾಢ ಬರ್ಲಿ, ಆಮೇಲೆ ನೋಡೋಣ."

ಪೆನ್ ಡ್ರೈವ್ ಸದ್ಯಕ್ಕೆ ಅಂಗಡಿ ಬೀಗದ ಕೈ ಜೊತೆ ಮೊಳೆಗೆ ನೇತುಹಾಕಿದೆ.