ಮಗಳ ಮೊದಲ ಕಾರು: ಸೆಕೆಂಡ್ ಹ್ಯಾಂಡ್ ಮಾಜ್ದಾ ಎಂಎಕ್ಸ್-5, ಒಂದು ವರ್ಷ ಓಡಿಸಿದ ಮೇಲೆ

ಹದಿನೆಂಟು ತುಂಬಿದಾಗ ಮಗಳು ಕೇಳಿದ್ದು ಒಂದೇ, ಸ್ಪೋರ್ಟ್ಸ್ ಕಾರು. ಹಳೇದಾದರೂ ಪರವಾಗಿಲ್ಲ, ಆದರೆ ಸ್ಪೋರ್ಟ್ಸ್ ಕಾರೇ ಆಗಬೇಕು. ಬೇಡ ಅಂತ ಒಂದೇ ಮಾತಿಗೆ ಮುಗಿಸಬಹುದಿತ್ತು. ಆದರೆ ಅರ್ಧ ದುಡ್ಡು ಅವಳೇ ಎರಡು ವರ್ಷ ರಜೆಯಲ್ಲೆಲ್ಲ ದುಡಿದು ಕೂಡಿಟ್ಟಿದ್ದಳು, ಅದನ್ನು ನೋಡಿದ ಮೇಲೆ ಸುಮ್ನೆ ತಳ್ಳಿಹಾಕಲು ಮನಸ್ಸು ಬರಲಿಲ್ಲ. ಒಂದು ಷರತ್ತು ಹಾಕಿದೆ. ಯಾವ ಕಾರು ನೋಡೋಣ ಅಂತ ಹೇಳುವುದು ಅವಳು, ಬೇಡ ಅನ್ನುವ ಹಕ್ಕು ನನ್ನದು.

ಐದು ತಿಂಗಳು ಹುಡುಕಿದೆವು, ಹದಿಮೂರು ಕಾರು ನೋಡಿದೆವು. ಕೊನೆಗೆ ಮನೆಗೆ ಬಂದಿದ್ದು 2011ರ ಮಾಜ್ದಾ ಎಂಎಕ್ಸ್-5. ಮೂರನೇ ತಲೆಮಾರಿನದು, 2.0 ಲೀಟರ್ ಪೆಟ್ರೋಲ್ ಎಂಜಿನ್, ಆರು ಗೇರಿನ ಮ್ಯಾನುವಲ್, ಬಟ್ಟೆಯ ಟಾಪು. ಈಗ ಒಂದು ವರ್ಷ ಆಯಿತು. ಮಕ್ಕಳ ಹಟಕ್ಕೆ ಇಂಥದ್ದೇ ಕಾರು ಹುಡುಕುತ್ತಿರುವ ಅಪ್ಪ ಅಮ್ಮಂದಿರಿಗೆ, ಅವರಿಗಿಂತ ಜಾಸ್ತಿ ಆ ಮಕ್ಕಳಿಗೇ, ನಾನು ಕಂಡಿದ್ದನ್ನು ಹೇಳುತ್ತೇನೆ.

ಈ ಕಾರು ಮೊದಲು ಬಂದಿದ್ದು 1989ರಲ್ಲಿ. 2016ರಲ್ಲಿ ಹತ್ತು ಲಕ್ಷನೇ ಕಾರು ತಯಾರಾಯಿತು, ಟಾಪು ತೆರೆಯುವ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾಗಿದ್ದು ಬೇರೆ ಇಲ್ಲ. ಹಳೇ ಕಾರು ಕೊಳ್ಳುವವರಿಗೆ ಇದು ಬರೀ ದಾಖಲೆಯ ಮಾತಲ್ಲ. ಇಷ್ಟು ಕಾರು ಇದ್ದರೆ ಬಿಡಿಭಾಗ ಸಿಗುತ್ತದೆ, ಕೈ ಪಳಗಿದ ಮೆಕ್ಯಾನಿಕ್ ಸಿಗುತ್ತಾರೆ, ಎಲ್ಲಿ ಕೆಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಮೂರನೇ ತಲೆಮಾರು 2005ರಿಂದ 2015ರವರೆಗೆ ಬಂತು. ನಮ್ಮದಕ್ಕೆ ಸುಮಾರು 160 ಅಶ್ವಶಕ್ತಿ, ತೂಕ 1,100 ಕಿಲೋ ಆಸುಪಾಸು. ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ, ತೂಕ ಮುಂದೆ ಹಿಂದೆ ಹೆಚ್ಚುಕಮ್ಮಿ ಸಮ.

ನಿಜ ಹೇಳಬೇಕೆಂದರೆ ನನಗೆ ಬೇಕಿದ್ದುದು 1.8 ಲೀಟರಿನ ಕಾರು. ಶಕ್ತಿ ಇನ್ನೂ ಕಡಿಮೆ, ಕಲಿಯುವವರಿಗೆ ಅಷ್ಟೇ ಸಾಕು. ಆದರೆ ನಾವು ನೋಡಿದ 1.8 ಯಾವುದರಲ್ಲೂ ಡಿಎಸ್‌ಸಿ ಇರಲಿಲ್ಲ. ಡಿಎಸ್‌ಸಿ ಅಂದರೆ ಸ್ಟೆಬಿಲಿಟಿ ಕಂಟ್ರೋಲ್. ಕಾರು ಜಾರಲು ಶುರುವಾದರೆ ಅದೇ ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ, ಎಂಜಿನ್ ಶಕ್ತಿ ತಗ್ಗಿಸಿ, ಕಾರನ್ನು ದಾರಿಗೆ ತರುತ್ತದೆ. ಹಿಂದಿನ ಚಕ್ರ ಓಡಿಸುವ ಕಾರಿನಲ್ಲಿ ಹೊಸ ಡ್ರೈವರ್ ಕೂರುವುದಾದರೆ ಇದು ಇರಲೇಬೇಕು, ಈ ವಿಷಯದಲ್ಲಿ ನಾನು ಒಂದಿಂಚೂ ಬಿಟ್ಟುಕೊಡಲಿಲ್ಲ. ಅಮೆರಿಕದಲ್ಲಿ 2012ರ ಮಾಡೆಲ್‌ಗಳಿಂದ, ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯ. ಅದಕ್ಕಿಂತ ಹಳೇ ಕಾರಾದರೆ ಇದೆಯೋ ಇಲ್ಲವೋ ಅಂತ ಕಣ್ಣಾರೆ ನೋಡಿ. ಕೀ ತಿರುಗಿಸಿದಾಗ ಮೀಟರಿನಲ್ಲಿ ಜಾರುವ ಕಾರಿನ ಚಿತ್ರದ ದೀಪ ಹತ್ತಿ ಆರಬೇಕು. ಮಾರುವವರ ಬಾಯಿಮಾತು ಬೇಡ.

ಬೇಡ ಅಂದ ಕಾರುಗಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಕಲಿತದ್ದೆಲ್ಲ ಅಲ್ಲೇ.

ಮಗಳಿಗೆ ಮೊದಲು ಮನಸ್ಸು ಹೋಗಿದ್ದು ಮಾಜ್ದಾದ್ದೇ ಆರ್‌ಎಕ್ಸ್-8 ಮೇಲೆ. ನೋಡಲು ಬಹಳ ಚೆಂದ, ನಾಲ್ಕು ಜನ ಕೂರಬಹುದು, ಹಿಂದಿನ ಬಾಗಿಲು ಹಿಮ್ಮುಖವಾಗಿ ತೆರೆಯುತ್ತವೆ. ಬೆಲೆಯೂ ಅಚ್ಚರಿ ಆಗುವಷ್ಟು ಕಡಿಮೆ. ಕಡಿಮೆ ಇರುವುದಕ್ಕೆ ಕಾರಣ ಎಂಜಿನ್. ಅದು 1.3 ಲೀಟರಿನ ರೋಟರಿ, ಪಿಸ್ಟನ್ನೇ ಇಲ್ಲ, ಬದಲಿಗೆ ಮೂರು ಮೂಲೆಯ ರೋಟರ್ ಒಳಗೆ ಸುತ್ತುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಒಳಗಿನ ಸೀಲುಗಳು ಬೇಗ ಸವೆಯಬಾರದು ಅಂತ ಆಯಿಲ್ ಸುಡುವುದೂ ಅದರ ವಿನ್ಯಾಸದಲ್ಲೇ ಇದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಎರಡು ನಿಮಿಷಕ್ಕೆ ಆಫ್ ಮಾಡಿದರೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಸ್ಟಾರ್ಟೇ ಆಗದೆ ಸತಾಯಿಸಬಹುದು. ಗೊತ್ತಿದ್ದು ಪ್ರೀತಿಯಿಂದ ಸಾಕುವವರಿಗೆ ಒಳ್ಳೇ ಕಾರು. ಕಾಲೇಜಿಗೆ ಹೋಗಿ ಬರುವ, ಕೈಯಲ್ಲಿ ಕಾಸಿಲ್ಲದ ಹುಡುಗಿಗೆ ಅಲ್ಲ. ಅವತ್ತು ಅವಳು ಮುಖ ಸಣ್ಣ ಮಾಡಿಕೊಂಡಿದ್ದು ನೋಡಿ ನನಗೂ ಬೇಜಾರಾಯಿತು, ಆದರೂ ಬೇಡ ಅಂದೆ.

ಹೋಂಡಾ ಎಸ್2000 ಒಂದನ್ನೂ ನೋಡಿದೆವು. ಎರಡು ಲೀಟರಿಗೆ 240 ಅಶ್ವಶಕ್ತಿ, ಮೊದಲ ವರ್ಷಗಳ ಕಾರು, ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಅದರ ಬಾಗಿಲು ತೆಗೆಯಲೂ ಬಿಡಲಿಲ್ಲ ನಾನು.

ಇನ್ನೊಂದು ಟರ್ಬೊ ಕಾರು. ಹೆಸರು ಬೇಡ, ತಪ್ಪು ಆ ಕಾರಿನ ಕಂಪನಿಯದ್ದಲ್ಲ, ಅದನ್ನು ಇಟ್ಟುಕೊಂಡಿದ್ದವರದ್ದು. ಸ್ಪ್ರಿಂಗ್ ಕತ್ತರಿಸಿ ಕಾರನ್ನು ಕೆಳಕ್ಕೆ ಇಳಿಸಿದ್ದರು, ಸೈಲೆನ್ಸರ್ ಬದಲಾಯಿಸಿದ್ದರು. ಬೆಳಗ್ಗೆ ಎಂಟಕ್ಕೆ ಬರುತ್ತೇವೆ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿದ್ದೆ. ಹೋಗಿ ಬಾನೆಟ್ ಮೇಲೆ ಕೈಯಿಟ್ಟರೆ ಬಿಸಿ. ತಣ್ಣಗಿರುವ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಮೊದಲ ಕೆಲವು ಸೆಕೆಂಡಿನ ಸದ್ದು, ಹಿಂದೆ ಬರುವ ಹೊಗೆಯ ಬಣ್ಣ, ಎಲ್ಲವೂ ಆಗಲೇ ಗೊತ್ತಾಗುವುದು. ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಕಾರಿನ ಕಂಪ್ಯೂಟರ್ ಓದುವ ತಮ್ಮ ಸ್ಕ್ಯಾನರ್ ಹಾಕಿ ನೋಡಿದರು. ಒಂದೂ ಎರರ್ ಕೋಡ್ ಇಲ್ಲ. ನಾನು ಖುಷಿಪಟ್ಟೆ. ಅವರು ತಲೆಯಾಡಿಸಿ ಇನ್ನೊಂದು ಪುಟ ತೆರೆದು ತೋರಿಸಿದರು. ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಒಂದು ಪಟ್ಟಿ ಇರುತ್ತದೆ, ರೆಡಿನೆಸ್ ಮಾನಿಟರ್ ಅಂತ. ಅದರಲ್ಲಿ ಮುಕ್ಕಾಲು ಪಾಲು ಇನ್ನೂ ಪೂರ್ತಿಯಾಗಿಲ್ಲ ಅಂತ ತೋರಿಸುತ್ತಿತ್ತು. ಯಾರೋ ಈಚೆಗೆ ಕೋಡ್‌ಗಳನ್ನು ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿ ಹಾಕಿದ್ದಾರೆ ಅಂತ ಅರ್ಥ. ಯಾಕೆ ಅಂತ ಕೇಳಿದ್ದಕ್ಕೆ ಮಾಲೀಕರು ಸಿಟ್ಟಾದರು. ಅಲ್ಲಿಂದ ಹೊರಟು ಬಂದೆವು.

ಈ ಸ್ಕ್ಯಾನರ್ ಈಗ ಅಂಗೈಯಷ್ಟೇ ಇರುತ್ತದೆ, ಫೋನಿಗೆ ಜೋಡಿಸಬಹುದು. ಹಳೇ ಕಾರು ನೋಡಲು ಹೊರಟವರು ಒಂದು ಇಟ್ಟುಕೊಳ್ಳಿ.

ಟೊಯೋಟಾ ಜಿಟಿ86, ಅದರ ಅವಳಿ ಸುಬಾರು ಬಿಆರ್‌ಜ಼ಡ್, ಇವೆರಡಕ್ಕೆ ಮಾತ್ರ ನಾನು ಬೇಡ ಅನ್ನಲಿಲ್ಲ. 2012ರಲ್ಲಿ ಬಂದವು, 200 ಅಶ್ವಶಕ್ತಿ, ತಲೆ ಮೇಲೆ ಗಟ್ಟಿ ಟಾಪು, ಹಿಂದೆ ಹೆಸರಿಗೆ ಎರಡು ಸೀಟು. ಬಜೆಟ್ ಇನ್ನೂ ಸ್ವಲ್ಪ ಜಾಸ್ತಿ ಇದ್ದಿದ್ದರೆ ಬಹುಶಃ ಅದನ್ನೇ ತರುತ್ತಿದ್ದೆವು. ಮೊದಲ ವರ್ಷದ ಕಾರುಗಳಿಗೆ ವಾಲ್ವ್ ಸ್ಪ್ರಿಂಗ್ ಬದಲಾಯಿಸಲು 2018ರಲ್ಲಿ ಕಂಪನಿಯೇ ವಾಪಸ್ ಕರೆದಿತ್ತು, ಎಂಜಿನ್ ಬಿಚ್ಚಿ ಮಾಡುವ ಕೆಲಸ. ಅದು ಆಗಿದೆಯಾ, ಯಾರು ಮಾಡಿದರು, ಆಮೇಲೆ ಎಷ್ಟು ಓಡಿದೆ ಅಂತ ಕೇಳದೆ ಮುಂದುವರಿಯಬೇಡಿ.

ಈಗ ನಮ್ಮ ಕಾರು. ನೋಡಲು ಹೋದ ದಿನ ಮೆಕ್ಯಾನಿಕ್ ಮಾಡಿದ ಮೊದಲ ಕೆಲಸ ಬಾನೆಟ್ ಎತ್ತಿದ್ದಲ್ಲ. ಒಂದು ಬಾಟಲಿ ನೀರು ತೆಗೆದುಕೊಂಡು, ಟಾಪು ಮಡಚಿ, ಸೀಟಿನ ಹಿಂದೆ ಮೂಲೆಯಲ್ಲಿರುವ ತೂತಿಗೆ ನಿಧಾನವಾಗಿ ಹುಯ್ದರು. ಮಗಳನ್ನು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಕೂರಿಸಿದ್ದರು. "ಬಂತಾ?" "ಇಲ್ಲ ಅಂಕಲ್." ಇನ್ನಷ್ಟು ಹುಯ್ದರು. "ಈಗ?" "ಬಂತು, ತೊಟ್ಟು ತೊಟ್ಟು." ಇನ್ನೊಂದು ಬದಿಯಲ್ಲಿ ಹುಯ್ದ ಕೂಡಲೇ ಧಾರೆಯಾಗಿ ಬಂತು. ಅಂದರೆ ಒಂದು ಕಡೆ ಎಲೆ, ಮಣ್ಣು ಕಟ್ಟಿಕೊಂಡಿದೆ. ಈ ಕಾರಿನ ದೊಡ್ಡ ಶತ್ರು ಇದೇ. ಟಾಪಿನ ಮೇಲೆ ಬಿದ್ದ ಮಳೆನೀರು ಇಳಿದು ಹೋಗುವ ದಾರಿ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ, ಬಾಗಿಲ ಕೆಳಗಿನ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿ ನೋಡಿದೆ, ಒಣಗಿತ್ತು. ಲಿಫ್ಟ್ ಮೇಲೆ ಏರಿಸಿ ನೋಡಿದಾಗ ಹಿಂದಿನ ಚಕ್ರದ ಹತ್ತಿರ ಬಣ್ಣ ಎಲ್ಲೂ ಉಬ್ಬಿರಲಿಲ್ಲ. ತೂತು ಅಲ್ಲೇ ತೆಳ್ಳಗಿನ ಕೇಬಲ್ ಹಾಕಿ ಬಿಡಿಸಿದರು.

ಲಿಫ್ಟ್ ಮೇಲೆ ಏರಿಸಿ ನೋಡುತ್ತೇವೆ ಅಂದಾಗ ಈ ಮಾಲೀಕರು ಧಾರಾಳವಾಗಿ ಒಪ್ಪಿದರು. ಬೇಡ ಅನ್ನುವವರ ಕಾರನ್ನು ನಾನಾದರೆ ಪುಕ್ಕಟೆ ಕೊಟ್ಟರೂ ತರುವುದಿಲ್ಲ.

ಟೈರು ನೋಡಿದೆವು. ಮೇಲೆ ಗೆರೆ ಚೆನ್ನಾಗಿಯೇ ಇದ್ದವು. ಆದರೆ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2313 ಅಂತ ಇದ್ದರೆ 2013ರ 23ನೇ ವಾರ ತಯಾರಾಗಿದ್ದು. ನಮ್ಮದರಲ್ಲಿ ಹಿಂದಿನ ಎರಡೂ ಹತ್ತು ವರ್ಷ ದಾಟಿದ್ದವು. ಕಡಿಮೆ ಓಡಿಸಿ ಶೆಡ್ಡಿನಲ್ಲಿ ನಿಲ್ಲಿಸಿದ ಕಾರುಗಳಲ್ಲಿ ಇದು ಸಾಮಾನ್ಯ. ರಬ್ಬರು ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತವೇ ಇರುವುದಿಲ್ಲ. ಕಾರು ಮನೆಗೆ ಬರುವ ಮೊದಲೇ ನಾಲ್ಕೂ ಬದಲಾಯಿಸಿದೆ. ಅದಕ್ಕಂತಲೇ ದುಡ್ಡು ಎತ್ತಿಟ್ಟಿದ್ದೆ, ಇರುವ ದುಡ್ಡನ್ನೆಲ್ಲ ಕಾರಿಗೇ ಸುರಿದಿದ್ದರೆ ಆ ಹಳೇ ಟೈರಿನ ಮೇಲೇ ಮಗಳು ಓಡಾಡಬೇಕಿತ್ತು, ಅಲ್ವಾ?

ಅದೇ ಎತ್ತಿಟ್ಟ ದುಡ್ಡಿನಲ್ಲಿ ಅರ್ಧ ದಿನದ ತರಬೇತಿಗೂ ಕಳಿಸಿದೆ. ಖಾಲಿ ಮೈದಾನದಲ್ಲಿ ನೀರು ಬಿಟ್ಟು, ಬೇಕಂತಲೇ ಕಾರು ಜಾರಿಸಿ, ಹೇಗೆ ಹಿಡಿಯುವುದು ಅಂತ ಕಲಿಸುತ್ತಾರೆ. ಮೊದಲ ಮಳೆಯಲ್ಲಿ ನಾನು ಪಕ್ಕದಲ್ಲಿ ಕೂತಿದ್ದೆ. ತಿರುವಿನಲ್ಲಿ ಸ್ವಲ್ಪ ಬೇಗ ಆಕ್ಸಿಲರೇಟರ್ ಒತ್ತಿದಳು, ಹಿಂಭಾಗ ಒಂದು ಗೇಣು ಪಕ್ಕಕ್ಕೆ ಸರಿಯಿತು, ಮೀಟರಿನಲ್ಲಿ ಹಳದಿ ದೀಪ ಪಟಪಟ ಮಿನುಗಿತು, ಕಾರು ನೇರವಾಯಿತು. ಎಲ್ಲ ಒಂದು ಸೆಕೆಂಡಿನಲ್ಲಿ. ಅವಳು ಬ್ರೇಕ್ ಮೇಲೆ ಕಾಲು ಹಾಕಲಿಲ್ಲ. "ಅಮ್ಮಾ, ದೀಪ ನೋಡಿದ್ಯಾ?" ಅಂದಳು. ನೋಡಿದ್ದೆ. ಆವತ್ತಿನಿಂದ ಆ ದೀಪ ಹತ್ತದ ಹಾಗೆ ಓಡಿಸುವುದು ಅವಳಿಗೊಂದು ಲೆಕ್ಕ.

ಓಡಿಸಲು ಕಾರು ಹೇಗಿದೆ? ಬಹಳ ಚೆನ್ನಾಗಿದೆ. ಗೇರ್ ಹಾಕುವುದೇ ಒಂದು ಸುಖ, ಮಣಿಕಟ್ಟು ತಿರುಗಿಸಿದಷ್ಟಕ್ಕೇ ಟಕ್ ಅಂತ ಬೀಳುತ್ತದೆ. ಸ್ಟೇರಿಂಗ್‌ನಲ್ಲಿ ರಸ್ತೆ ಕೈಗೆ ತಿಳಿಯುತ್ತದೆ. 60ರಲ್ಲಿ ಹೋಗುತ್ತಿದ್ದರೂ ಖುಷಿ ಕೊಡುತ್ತದೆ, ಹೊಸಬರಿಗೆ ಇದಕ್ಕಿಂತ ಒಳ್ಳೇ ಗುಣ ಬೇರೆ ಬೇಕಿಲ್ಲ. 300 ಅಶ್ವಶಕ್ತಿಯ ಕಾರಿನಲ್ಲಿ ಅದೇ ಖುಷಿ ಸಿಗಬೇಕಾದರೆ ಎಷ್ಟು ವೇಗ ಹೋಗಬೇಕು ಯೋಚಿಸಿ. ಕ್ಲಚ್ ಕಲಿಯಲು ಅವಳಿಗೆ ಎರಡು ವಾರ ಸಾಕಾಯಿತು.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಟಾಪು ಹಾಕಿದಾಗ ಹಿಂದೆ ಪಕ್ಕದಲ್ಲಿ ಏನೂ ಕಾಣುವುದಿಲ್ಲ, ಲೇನ್ ಬದಲಾಯಿಸುವಾಗ ಎರಡು ಸಲ ನೋಡಬೇಕು. ಹೈವೇಯಲ್ಲಿ ಸದ್ದು ಜಾಸ್ತಿ, ಒಂದು ಗಂಟೆಗೆ ಕಿವಿ ದಣಿಯುತ್ತದೆ. ಡಿಕ್ಕಿಯಲ್ಲಿ ಎರಡು ಬ್ಯಾಗು, ಅಷ್ಟೇ. ಇನ್ಶೂರೆನ್ಸ್ ಸಾದಾ ಕಾರಿಗಿಂತ ಜಾಸ್ತಿ ಬರುತ್ತದೆ, ಹಾಗಾಗಿ ಕಾರು ಗೊತ್ತು ಮಾಡುವ ಮೊದಲೇ ಮಗುವಿನ ಹೆಸರು, ವಯಸ್ಸು ಹೇಳಿ ಎಷ್ಟಾಗುತ್ತದೆ ಅಂತ ಕೇಳಿಕೊಳ್ಳಿ. ನಾವು ಕೇಳಿಯೇ ಎರಡು ಕಾರು ಕೈಬಿಟ್ಟೆವು.

ಎಲ್ಲಕ್ಕಿಂತ ದೊಡ್ಡ ಮಾತು ಸುರಕ್ಷತೆ. ಅಮೆರಿಕದಲ್ಲಿ ಕಾರುಗಳನ್ನು ಗುದ್ದಿಸಿ ಪರೀಕ್ಷೆ ಮಾಡುವ ಐಐಎಚ್‌ಎಸ್ ಸಂಸ್ಥೆ ಹರೆಯದವರಿಗೆ ಸಣ್ಣ ಕಾರು ಬೇಡ, ಶಕ್ತಿ ಜಾಸ್ತಿ ಇರುವ ಕಾರೂ ಬೇಡ ಅನ್ನುತ್ತದೆ. ಅದು ಸರಿಯಾದ ಮಾತು. ದೊಡ್ಡ ಗಾಡಿ ಬಂದು ಗುದ್ದಿದರೆ ಹಗುರ ಕಾರಿಗೆ ಪೆಟ್ಟು ಜಾಸ್ತಿ, ಏರ್‌ಬ್ಯಾಗ್ ಎಷ್ಟಿದ್ದರೂ ಅದನ್ನು ಬದಲಾಯಿಸಲು ಆಗುವುದಿಲ್ಲ. ಹೀಗಾಗಿ ಮೊದಲ ಆರು ತಿಂಗಳು ರಾತ್ರಿ ಓಡಿಸುವ ಹಾಗಿಲ್ಲ, ಹೈವೇಗೆ ಒಬ್ಬಳೇ ಹೋಗುವ ಹಾಗಿಲ್ಲ ಅಂತ ಮಾಡಿದೆ. ಅವಳು ಒಪ್ಪಿದಳು, ನಡೆದುಕೊಂಡಳು. ಎರಡೇ ಸೀಟು ಇರುವುದನ್ನು ಎಲ್ಲರೂ ಕೊರತೆ ಅನ್ನುತ್ತಾರೆ, ನನಗೆ ಅದೇ ಸಮಾಧಾನ. ಕಾರಿನಲ್ಲಿ ಅದೇ ವಯಸ್ಸಿನ ಗೆಳೆಯರು ಹೆಚ್ಚಾದಷ್ಟೂ ಅಪಘಾತದ ಅಪಾಯ ಹೆಚ್ಚುತ್ತದೆ ಅಂತ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಈ ಕಾರಿನಲ್ಲಿ ಒಬ್ಬ ಗೆಳತಿ ಕೂರಬಹುದು, ಅಷ್ಟೇ.

ಯಾರು ಕೊಳ್ಳಬಹುದು ಅಂತ ಕೇಳಿದರೆ, ಮಗು ಮೊದಲೇ ಒಂದು ವರ್ಷ ಮನೆಯ ಸಾದಾ ಕಾರು ಓಡಿಸಿರಬೇಕು, ಹೇಳಿದ ಮಾತು ಕೇಳುವಂತಿರಬೇಕು, ಡಿಎಸ್‌ಸಿ ಇರುವ, ಯಾರೂ ಕೈಯಾಡಿಸದ, ಸರ್ವಿಸ್ ಬಿಲ್ಲುಗಳೆಲ್ಲ ಇರುವ ಕಾರು ಸಿಗಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಕಾಯಿರಿ. ದಿನಾ ಹೈವೇಯಲ್ಲಿ ದೂರ ಹೋಗಬೇಕಾದ ಮಕ್ಕಳಿಗೆ ಇದು ಬೇಡವೇ ಬೇಡ.

ಒಂದು ವರ್ಷದಲ್ಲಿ ಆದ ರಿಪೇರಿ ಕಡಿಮೆ. ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಒಂದು ಕಾಯಿಲ್ ಹೋಯಿತು, ಬ್ಯಾಟರಿ ಬದಲಾಯಿಸಿದೆವು. ಎಂಜಿನ್ ವಾಲ್ವ್‌ಗಳ ಟೈಮಿಂಗ್‌ಗೆ ಚೈನ್ ಇರುವುದರಿಂದ ಬೆಲ್ಟ್ ಬದಲಾಯಿಸುವ ತಲೆನೋವಿಲ್ಲ. ಆಯಿಲ್ ಮಟ್ಟ ಮಾತ್ರ ಎರಡು ಸಲ ಪೆಟ್ರೋಲ್ ಹಾಕಿಸಿದಾಗ ಒಮ್ಮೆ ನೋಡಲೇಬೇಕು, ಕಡಿಮೆಯಾಗಲು ಬಿಟ್ಟರೆ ಎಂಜಿನ್‌ಗೇ ಕುತ್ತು. ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ನೋಡುವುದು ಈಗ ಅವಳ ಕೆಲಸ, ನಾನು ನೆನಪಿಸಬೇಕಾಗಿಲ್ಲ. ಈಚೆಗೆ ಬ್ರೇಕ್ ಹಾಕಿದಾಗ ಸ್ವಲ್ಪ ಎಡಕ್ಕೆ ಎಳೆಯುತ್ತಿದೆ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಹಿಡಿದುಕೊಂಡಿರಬೇಕು, ಈ ಕಾರಿನಲ್ಲಿ ಅದು ಮಾಮೂಲಿ. ಅದು ಸರಿಯಾಗುವವರೆಗೆ ಕಾರು ಹೊರಗೆ ತೆಗೆಯುವುದಿಲ್ಲ. ಭಾನುವಾರ ಮೆಕ್ಯಾನಿಕ್ ಬರುತ್ತಾರೆ, ಬಿಚ್ಚುವುದು ತಾನೇ ಅಂತ ಮಗಳು ಹೇಳಿದ್ದಾಳೆ, ಗ್ರೀಸು ತಂದಿಟ್ಟಿದ್ದಾಳೆ.