ಮಳೆಗಾಲದಲ್ಲಿ ಟ್ರಿಪ್ ಆಗುವ ಹಳೇ ಓವನ್: ಒಣಗಿಸೋದೋ, ಎಲಿಮೆಂಟ್ ಬದಲಿಸೋದೋ?

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ. ನಮ್ಮನೆಯ ಹಳೇ ಕರೆಂಟ್ ಒಲೆಯ ಓವನ್ನಿಗೂ ಅದೇ ಕಾಟ. ಬೇಸಿಗೆಯಲ್ಲಿ ಏನೂ ತಕರಾರಿಲ್ಲ. ಮಳೆಗಾಲದಲ್ಲಿ ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಬಿದ್ದು ಇಡೀ ಮನೆ ಕತ್ತಲೆ. ಇದಕ್ಕೆ ಜನ ಮೂರು ದಾರಿ ಹೇಳುತ್ತಾರೆ. ಎರಡನ್ನು ಮಾಡಿ ನೋಡಿದ್ದೇನೆ, ಇನ್ನೊಂದರ ತಂಟೆಗೇ ಹೋಗಿಲ್ಲ.

ಆ ಇನ್ನೊಂದು ಇದು: "ಅರ್ಥ್ ವೈರ್ ಬಿಚ್ಚಿಬಿಡಿ, ಟ್ರಿಪ್ ಆಗಲ್ಲ." ಆಗಲ್ಲ, ಸರಿ. ಸೋರುವ ಕರೆಂಟು ಒಲೆಯ ಮೈಯಲ್ಲೇ ಇರುತ್ತದೆ, ಯಾರಾದರೂ ಬರಿಗಾಲಲ್ಲಿ ಬಂದು ಮುಟ್ಟುವವರೆಗೆ. 30 ಮಿಲಿಆಂಪ್ ಸೋರುವಷ್ಟರಲ್ಲಿ ಬೀಳಲಿ ಅಂತಲೇ ಮನೆಯ ಆರ್‌ಸಿಸಿಬಿ ಇರೋದು, ಅಲ್ವಾ?

ಓವನ್ ಕಾಯಿಸುವ ಎಲಿಮೆಂಟಿನ ಹೊರಗೆ ಲೋಹದ ಕೊಳವೆ, ಒಳಗೆ ಬಿಸಿಯಾಗುವ ನೈಕ್ರೋಮ್ ತಂತಿಯ ಸುರುಳಿ, ನಡುವೆ ಮೆಗ್ನೀಸಿಯಂ ಆಕ್ಸೈಡ್ ಪುಡಿ. ತುದಿಯ ಸೀಲ್ ಹಳತಾದರೆ ಈ ಪುಡಿ ಗಾಳಿಯ ತೇವ ಹೀರುತ್ತದೆ, ಆಗ ಕರೆಂಟು ಕೊಳವೆಗೆ ಸೋರುತ್ತದೆ. ಪ್ಲಗ್ ಕಿತ್ತು, ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. 2000 ವ್ಯಾಟಿನ ಎಲಿಮೆಂಟು ಸುಮಾರು 26 ಓಮ್ ತೋರಿಸಬೇಕು, ತೋರಿಸಿತು. ಅಂದರೆ ಸುರುಳಿ ತುಂಡಾಗಿಲ್ಲ. ತುದಿಯಿಂದ ಕೊಳವೆಗೆ ಅಳೆದಾಗಲೂ ದೋಷ ಕಾಣಲಿಲ್ಲ. ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಇಂಥ ಸೋರಿಕೆ ಎಷ್ಟೋ ಸಲ ಸಿಗುವುದೇ ಇಲ್ಲ. ಎಲೆಕ್ಟ್ರಿಷಿಯನ್ 500 ವೋಲ್ಟಿನ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಸೋರಿಕೆ ಹುಡುಕುವ ಮೀಟರ್) ತಂದು ಹಚ್ಚಿದ ಮೇಲೆ ಕೆಳಗಿನ ಎಲಿಮೆಂಟ್ ಸಿಕ್ಕಿಬಿತ್ತು.

ಮೊದಲು ಒಣಗಿಸಿ ನೋಡಿದೆವು. ಕೆಳಗಿನದರ ಎರಡೂ ವೈರ್ ಬಿಚ್ಚಿ, ತುದಿಗಳನ್ನು ಭದ್ರ ಮಾಡಿ, ಎಲಿಮೆಂಟನ್ನು ಅಲ್ಲೇ ಬಿಟ್ಟೆವು. ಮೇಲಿನ ಎಲಿಮೆಂಟನ್ನು ಮಾತ್ರ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಉರಿಸಿದೆವು. ಮತ್ತೆ ಜೋಡಿಸಿದಾಗ ಟ್ರಿಪ್ ಇಲ್ಲ! ಖರ್ಚು ಬರೀ ಕರೆಂಟ್ ಬಿಲ್ಲು. ಆದರೆ ಆಷಾಢದಲ್ಲಿ ಕೆಲವು ವಾರ ಓವನ್ ಮುಟ್ಟಲಿಲ್ಲ ನೋಡಿ, ಮತ್ತೆ ಅದೇ ರಾಗ. ದಿನಾ ಬ್ರೆಡ್ ಸುಡುವ ಮನೆಗೆ ಇಷ್ಟೇ ಸಾಕು, ಓವನ್ನಿನ ಬಿಸಿಯೇ ಅದನ್ನು ಒಣಗಿಸಿಡುತ್ತದೆ. ನಮ್ಮದು ಹಬ್ಬ-ಹುಟ್ಟುಹಬ್ಬದ ಓವನ್.

ಹಾಗಾಗಿ ಹೊಸ ಎಲಿಮೆಂಟ್. ಇಷ್ಟು ಹಳೇ ಮಾಡೆಲ್ಲಿನದು ರೆಡಿಮೇಡ್ ಎಲ್ಲಿ ಸಿಗುತ್ತದೆ? ಶಿವಮೊಗ್ಗದ ಅಂಗಡಿಯೊಂದರಲ್ಲಿ ಹಳೇದನ್ನೇ ಮಾದರಿಗೆ ಕೊಟ್ಟು, ಉದ್ದ, ಬಾಗು, ವ್ಯಾಟ್ ಎಲ್ಲ ಹಾಗೇ ಇರುವಂತೆ ಮಾಡಿಸಿದೆವು. ದುಡ್ಡೂ ಜಾಸ್ತಿ, ಕಾಯುವುದೂ ಜಾಸ್ತಿ. ತುಕ್ಕು ಹಿಡಿದ ಸ್ಕ್ರೂ ಬಿಚ್ಚುವುದೇ ಒಂದು ಯುದ್ಧ. ಮೊದಲ ಸಲ ಹೊಗೆ, ವಾಸನೆ ಬಂತು, ಖಾಲಿ ಉರಿಸಿ ಬಿಟ್ಟೆವು. ಆಮೇಲೆ ಶ್ರಾವಣ ಕಳೆದರೂ ಟ್ರಿಪ್ ಇಲ್ಲ. ನನ್ನ ವೋಟು ಇದಕ್ಕೇ.

ಕೇಕ್ ನಡುವೆ ಹಸಿ ಉಳಿಯುವುದಕ್ಕೆ ಮಾತ್ರ ಇವೆರಡೂ ಮದ್ದಲ್ಲ. ಸಂಜೆ ಹೊತ್ತು ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ 2000 ವ್ಯಾಟಿನ ಎಲಿಮೆಂಟು ಕೊಡುವುದು ಬರೀ 1200ರ ಆಸುಪಾಸು. ಅದಕ್ಕೆ ಸಂಜೆ ಬಿಟ್ಟು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕೇಕ್ ಇಡುತ್ತೇವೆ.